ಎಡಗೈಗೆ ಕೊಟ್ಟ ಪುಟ

ಲಿಫ್ಟಿನ ಬಾಗಿಲು ಮುಚ್ಚುತ್ತಿದ್ದಂತೆ ಅವಳು, "ಅಣ್ಣ, ನಾಲ್ಕು ಒತ್ತಿ," ಎಂದಳು. ಅವನ ಬೆರಳು ಆಗಲೇ ನಾಲ್ಕರ ಹತ್ತಿರ ಹೋಗಿತ್ತು. ಇನ್ನೇನು ಒತ್ತಬೇಕು, ಅಷ್ಟರಲ್ಲಿ ಹೇಳಿಬಿಟ್ಟಳು; ಹಾಗಾಗಿ ಅವಳು ಹೇಳಿದ್ದಕ್ಕೆ ಒತ್ತಿದ ಹಾಗಾಯಿತು. ತಾನಾಗಿ ಮಾಡುವ ಕೆಲಸವೂ ಕಡೇ ಗಳಿಗೆಯಲ್ಲಿ ಇವಳು ಮಾಡಿಸಿದ್ದಾಗಿಬಿಡುವುದು ಹೇಗೆ ಎಂದು ಯೋಚಿಸುತ್ತ ಅವನು ಎದೆಗವಚಿಕೊಂಡಿದ್ದ ಕಾಗದದ ಕಟ್ಟುಗಳನ್ನು ಗಲ್ಲದಿಂದ ಒತ್ತಿ ಹಿಡಿದ. ನಾಲ್ಕು ಕಟ್ಟು. ಅವಳ ಕೈಯಲ್ಲಿ ಒಂದು ಪೆನ್ನು, ಅಷ್ಟೇ. ಮೂಲೆಯಲ್ಲಿ ಬೇಕರಿಯವನು, ಈ ದಿನಕ್ಕೆಂದೇ ಇಸ್ತ್ರಿ ಮಾಡಿಸಿದ ಕೋಟಿನೊಳಗೆ ಮೈ ಸೇರದೆ ನಿಂತಿದ್ದ. ಎಷ್ಟು ತೊಳೆದರೂ ಉಗುರಿನ ಸಂದಿಯಲ್ಲಿ ಹಿಟ್ಟಿನ ಬಿಳಿ ಉಳಿದಿತ್ತು. "ಕಟ್ಟು ಇಲ್ಲಿ ಕೊಡಿ ವಕೀಲರೇ, ಮೂಟೆ ಹೊತ್ತ ಮೈ ನಂದು," ಎಂದು ಅವನು ಕೈ ಚಾಚಿದ. "ಬೇಡ ಬೇಡ," ಎಂದು ಇವನು ಗಾಬರಿಯಿಂದ ಹೇಳಿದ. ಕಟ್ಟುಗಳನ್ನೂ ಕೊಟ್ಟುಬಿಟ್ಟರೆ ತಾನು ಈ ಲಿಫ್ಟಿನಲ್ಲಿ ಯಾಕಿರಬೇಕು?

ವಕೀಲರೇ ಎಂದು ಅವನನ್ನು ಕರೆಯುತ್ತಿದ್ದವನು ಈ ಊರಿನಲ್ಲಿ ಈ ಬೇಕರಿಯವನೊಬ್ಬನೇ. ಕಚೇರಿಯಲ್ಲಿ ಅವನಿಗೆ ದಫ್ತರ ಎಂಬ ಹೆಸರು ಬಿದ್ದು ಎಷ್ಟೋ ವರ್ಷವಾಗಿತ್ತು. ಅವಳು ಹೊಸ ವಕೀಲೆಯಾಗಿ ಸೇರಿದ ಮೊದಲ ವಾರ ಸರ್ ಅಂದಿದ್ದಳು. ಅವನು ಎಣಿಸಿದ್ದ, ಆರು ಸಲ. ಏಳನೆಯ ದಿನ ಅಣ್ಣ ಆಯಿತು. ಕಚೇರಿಯ ಯಜಮಾನರಾದ ದೊಡ್ಡವರು ಸರ್, ಎದುರು ಪಕ್ಷದ ವಕೀಲರು ಸರ್, ನಿನ್ನೆ ಮೊನ್ನೆ ಕೋಟು ಹಾಕಿಕೊಂಡ ಪಡ್ಡೆ ವಕೀಲರೂ ಸರ್. ನೀರಿನ ಕ್ಯಾನು ತರುವವನು, ಜೆರಾಕ್ಸಿನವನು, ಇವನು, ಅಣ್ಣ. ಮನೆಯಲ್ಲಿ ಹೇಳಿದಾಗ ಹೆಂಡತಿ ಸೊಪ್ಪು ಬಿಡಿಸುತ್ತ, "ಅಣ್ಣ ಅಂದ್ರೆ ಏನ್ರೀ ಕಡಿಮೆ? ಒಡಹುಟ್ಟಿದೋರ ಹಾಗೆ ಅಂತ ತಾನೆ," ಎಂದಿದ್ದಳು. "ಒಡಹುಟ್ಟಿದವನ ಕೈಲಿ ಯಾರಾದ್ರೂ ಕಟ್ಟು ಹೊರಿಸ್ತಾರಾ?" "ಒಡಹುಟ್ಟಿದೋನ ಕೈಲೇ ಹೊರಿಸೋದು. ಕಂಡೋರು ಹೊರ್ತಾರಾ?" ಎಂದು ನಕ್ಕು ಕಡ್ಡಿಗಳನ್ನು ಬುಟ್ಟಿಗೆ ಎಸೆದಿದ್ದಳು. ಆ ನಗು ತನ್ನ ಕಡೆಯದೋ ಆ ಹುಡುಗಿಯ ಕಡೆಯದೋ ಎಂದು ಆಮೇಲೆ ಎರಡು ದಿನ ಅವನಿಗೆ ಬಗೆಹರಿದಿರಲಿಲ್ಲ.

ದೊಡ್ಡವರ ಕಚೇರಿಗೆ ಬರುತ್ತಿದ್ದದ್ದು ಎರಡೇ ಬಗೆಯ ವ್ಯಾಜ್ಯ. ಒಂದು, ದೊಡ್ಡ ಕಂಪನಿಯ ಹೆಸರು, ಬೋರ್ಡು, ಬಣ್ಣ ಎಲ್ಲವನ್ನೂ ಕಡ ತಂದು ಫ್ರಾಂಚೈಸಿ ಅಂಗಡಿ ಇಟ್ಟವರಿಗೂ ಆ ಕಂಪನಿಗಳಿಗೂ ನಡುವಿನದು. ಇನ್ನೊಂದು, ಷೇರು ಕೊಂಡವರಿಗೂ ಕೊಡಿಸಿದ ದಲ್ಲಾಳಿಗಳಿಗೂ ನಡುವಿನದು. ಎರಡೂ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ಜಗಳ ಬಂದರೆ ಇಬ್ಬರೂ ಒಪ್ಪಿದ ಮಧ್ಯಸ್ಥರ ಮುಂದೆ ಬಗೆಹರಿಸಿಕೊಳ್ಳತಕ್ಕದ್ದು ಎಂದು ಕರಾರಿನಲ್ಲೇ ಬರೆದಿರುತ್ತದೆ. ಹೀಗೆ ಬಾಡಿಗೆ ಕೋಣೆಗಳಲ್ಲಿ, ಉದ್ದ ಮೇಜುಗಳ ಸುತ್ತ, ಗಾಜಿನ ಹೂಜಿಗಳ ನಡುವೆ ಅವನ ಹತ್ತೊಂಬತ್ತು ವರ್ಷ ಕಳೆದಿತ್ತು. ದೊಡ್ಡವರದ್ದೊಂದು ಪದ್ಧತಿ: ವಾದ ಮಾಡುವವರ ಮುಂದಿನ ಮೇಜು ಬರಿದಾಗಿರಬೇಕು. "ಕಾಗದ ಮುಂದಿದ್ರೆ ಕಣ್ಣು ಕಾಗದಕ್ಕೆ ಹೋಗುತ್ತೆ. ಸಾಕ್ಷಿ ಸುಳ್ಳು ಹೇಳೋದು ಬಾಯಲ್ಲಲ್ಲ ಕಣಯ್ಯ, ಕತ್ತಿನಲ್ಲಿ. ನೋಡ್ತಾ ಇರಬೇಕು." ಆದ್ದರಿಂದ ಕಾಗದವೆಲ್ಲ ಎಡಕ್ಕೆ ಕೂತವನ ಬಳಿ. ಮಾತಾಡುವವರು ಎಲ್ಲರಿಗೂ ಕೇಳಿಸುವಂತೆ ಪುಟದ ಸಂಖ್ಯೆ ಹೇಳಿ, ಸಾಕ್ಷಿಯ ಮುಖದಿಂದ ಕಣ್ಣು ಕೀಳದೆ ಎಡಗೈ ಚಾಚುತ್ತಾರೆ; ಅಷ್ಟರಲ್ಲಿ ಪುಟ ಅಂಗೈ ಮೇಲಿರಬೇಕು. ದೊಡ್ಡವರ ಅಂಗೈಯ ಗೆರೆಗಳು ಅವನಿಗೆ ತನ್ನ ಅಂಗೈಯ ಗೆರೆಗಳಿಗಿಂತ ಚೆನ್ನಾಗಿ ಗೊತ್ತು. ಅಪ್ಪ ಕಣದಲ್ಲಿ ಎತ್ತು ಹೂಡುವಾಗ ನಡುವಿನ ಮೇಟಿಯ ಪಕ್ಕಕ್ಕೆ ಯಾವಾಗಲೂ ಸಮಾಧಾನದ ಎತ್ತನ್ನೇ ಕಟ್ಟುತ್ತಿದ್ದ. ಹೊರಗಿನದು ಓಡಬೇಕು, ಮೇಟಿ ಎತ್ತು ನಿಂತಲ್ಲೇ ತಿರುಗಬೇಕು. ಕಣಕ್ಕೆ ಬಂದವರೆಲ್ಲ ನೋಡುತ್ತಿದ್ದದ್ದು ಹೊರಗಿನದನ್ನು. "ಮೇಟಿ ಎತ್ತು ತಪ್ಪಿದ್ರೆ ಸಾಲೇ ತಪ್ಪುತ್ತೆ," ಎಂದು ಅಪ್ಪ ಆಗಾಗ ಹೇಳುತ್ತಿದ್ದ, ಎತ್ತಿಗೆ ಕೇಳಿಸುವಷ್ಟು ಜೋರಾಗಿ. ಎತ್ತು ನಂಬುತ್ತಿತ್ತೋ ಏನೋ.

ದೊಡ್ಡವರ ಕಣ್ಣಿನ ಪೊರೆ ತೆಗೆಸಿ ಪಟ್ಟಿ ಕಟ್ಟಿದ ದಿನ ಇವನೇ ಆಸ್ಪತ್ರೆಗೆ ಹೋಗಿದ್ದ. ಕಣ್ಣಿಲ್ಲದ ಮುಖ ಇವನ ಕಡೆಗೆ ತಿರುಗಿ, "ಬೇಕರಿ ಕೇಸು ಬರುತ್ತಲ್ಲ," ಎಂದರು. ಹೂಂ, ನಾನು ನೋಡಿಕೊಳ್ತೇನೆ ಸರ್ ಎಂಬ ಮಾತು ತುಟಿಯವರೆಗೆ ಬಂದು ನಿಂತಿತ್ತು. "ಕಿಡಿ ಮಾತಾಡಲಿ. ನೀನು ಪಕ್ಕದಲ್ಲಿರ್ತೀಯಲ್ಲ, ನಂಗೆ ನಿಶ್ಚಿಂತೆ." ಕಿಡಿ ಎಂಬುದು ಅವಳಿಗೆ ದೊಡ್ಡವರೇ ಇಟ್ಟ ಹೆಸರು. ಅದನ್ನು ಇಟ್ಟದ್ದು ಟೀಚರಮ್ಮನ ಷೇರು ಕೇಸಿನಲ್ಲಿ. ದಲ್ಲಾಳಿ ಆ ಮುದುಕಿಯನ್ನು ಕೇಳದೆ ಅವರ ಷೇರುಗಳನ್ನು ಮಾರುವುದು, ಕೊಳ್ಳುವುದು, ಮತ್ತೆ ಮಾರುವುದು ಮಾಡಿ ಎಲ್ಲ ಕರಗಿಸಿದ್ದ. ಕೇಳಿಯೇ ಮಾಡಿದೆ, ಪ್ರತಿ ಸಲವೂ ಫೋನಿನಲ್ಲಿ ಹೂಂ ಅಂದಿದ್ದಾರೆ ಎಂಬುದು ಅವನ ವಾದ. ಆ ದಿನಗಳಲ್ಲಿ ಹನ್ನೊಂದು ದಿನ ಟೀಚರಮ್ಮ ಗಂಟಲಿನ ಶಸ್ತ್ರಚಿಕಿತ್ಸೆಯಾಗಿ ಮಾತೇ ಆಡಲಾಗದೆ ಆಸ್ಪತ್ರೆಯಲ್ಲಿ ಮಲಗಿದ್ದರು. ದಲ್ಲಾಳಿಯ ಲೆಕ್ಕಪತ್ರದಲ್ಲಿ ಆ ಹನ್ನೊಂದು ತಾರೀಖುಗಳ ಪಕ್ಕ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ ಇಟ್ಟಿದ್ದವನು ಇವನು. ಯಾವಾಗ ಹೇಳಲಿ, ಹೇಗೆ ಹೇಳಲಿ ಎಂದು ಎರಡು ದಿನ ಕಾದ. ಮೂರನೆಯ ದಿನ ಅವಳು ದೊಡ್ಡವರ ಕೋಣೆಗೆ ಹೋಗಿ, ಕೂರದೆ, ನಿಂತೇ ಹೇಳಿಬಿಟ್ಟಳು. "ಗಂಟಲಿಲ್ಲದೋರು ಹೂಂ ಅನ್ನೋದು ಹೇಗೆ ಸರ್?" ದೊಡ್ಡವರು ಮೇಜು ತಟ್ಟಿ, "ಕಿಡಿ ಕಣೋ ಇವಳು!" ಎಂದಿದ್ದರು. ಕಣೋ ಅಂದದ್ದು ಇವನಿಗೆ. ಅವಳು ಚುಕ್ಕೆ ನೋಡಿದ್ದಳೋ, ತಾನಾಗೇ ಕಂಡುಕೊಂಡಿದ್ದಳೋ ಅವನಿಗೆ ಇವತ್ತಿಗೂ ಗೊತ್ತಿಲ್ಲ. ಕೇಳಬಹುದಿತ್ತು. ಕೇಳುವ ಬದಲು ಅವನು ಎಲ್ಲರೂ ಊಟಕ್ಕೆ ಹೋದ ಮೇಲೆ ರಬ್ಬರು ತೆಗೆದುಕೊಂಡು ಹನ್ನೊಂದು ಚುಕ್ಕೆಗಳನ್ನೂ ಅಳಿಸಿದ, ತನ್ನ ಮನೆಗೇ ಕನ್ನ ಹಾಕಿ ಹೆಜ್ಜೆ ಗುರುತು ಅಳಿಸುವವನ ಹಾಗೆ.

"ಇವತ್ತು ಗೆದ್ರೆ ನಾಳೆ ಒಲೆ ಹಚ್ಚಬಹುದಾ ಅಮ್ಮಾ?" ಬೇಕರಿಯವನು ವಿಚಾರಣೆಯ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತು ಕೇಳುತ್ತಿದ್ದ. ಕಂಪನಿಯ ಚೀಲದ ಹಿಟ್ಟನ್ನೇ ಬಳಸತಕ್ಕದ್ದು ಎಂದು ಕರಾರು. ಆ ಹಿಟ್ಟು ಹಳಸಲು ಬರತೊಡಗಿದ ಮೇಲೆ, ನಾದಿದ ಹಿಟ್ಟು ಉಬ್ಬದೆ ಸತ್ತ ಆಮೆಯಂತೆ ತೊಟ್ಟಿಯಲ್ಲಿ ಬಿದ್ದಿರುವುದನ್ನು ನೋಡಲಾರದೆ, ಬೇಕರಿಯವನು ಊರಿನ ಗಿರಣಿಯಿಂದ ಗೋಧಿ ಬೀಸಿಸಿ ತಂದಿದ್ದ. ಕಂಪನಿ ಬೋರ್ಡು ಕಿತ್ತುಕೊಂಡು ಹೋಯಿತು. ಬೋರ್ಡು ಹೋದರೆ ಹೋಗಲಿ; ಕರಾರು ಮುರಿದವನು ಮೂರು ವರ್ಷ, ನಡೆದರೆ ಒಂದು ಹಗಲು ಹಿಡಿಯುವಷ್ಟು ದೂರದೊಳಗೆ ಎಲ್ಲೂ ಬ್ರೆಡ್ ಮಾಡಿ ಮಾರುವಂತಿಲ್ಲ ಎಂಬ ಕಲಂ ಒಂದಿತ್ತು. ಐವತ್ತೆಂಟು ವರ್ಷದ, ಬೇರೆ ಕೆಲಸ ಗೊತ್ತಿಲ್ಲದ ಮನುಷ್ಯ. "ಗೆದ್ರೆ ಹಚ್ಚಿ," ಎಂದಳು ಅವಳು. "ಸೋತ್ರೆ? ಮನೇಲಿ, ನನ್ನ ಹೆಂಡ್ತಿಗೆ ಅಂತ ಮಾಡಬಹುದಾ?" "ಮಾರದೇ ಇದ್ರೆ ಮಾಡಬಹುದು." "ಅವಳು ತಿನ್ನಲ್ಲ ಅಮ್ಮಾ. ಮದುವೆಯಾದಾಗಿನಿಂದ ಒಂದು ತುಂಡು ಮುಟ್ಟಿಲ್ಲ. ಬೆವರು ವಾಸನೆ ಅಂತಾಳೆ." ಅವಳು ಜೋರಾಗಿ ನಕ್ಕಳು. ಬೇಕರಿಯವನೂ ನಕ್ಕ. ಹೀಗೆ ನಗಿಸಿ ಭಯ ತೆಗೆಯುವುದು ಇವಳಿಗೆ ಯಾರು ಕಲಿಸಿದರು? ಆರು ತಿಂಗಳಿಂದ ಬೇಕರಿಯವನು ವಾರಕ್ಕೊಮ್ಮೆ ಇವನ ಮೇಜಿನೆದುರು ಕೂತಿದ್ದಾನೆ. ಒಂದು ಸಲವೂ ನಕ್ಕಿರಲಿಲ್ಲ.

ಇವನು ತನ್ನ ಕೋಟಿನ ಒಳಜೇಬನ್ನು ಹೊರಗಿನಿಂದಲೇ ಮುಟ್ಟಿ ನೋಡಿಕೊಂಡ. ಚೀಟಿ ಇತ್ತು. ನಿನ್ನೆ ಮಧ್ಯಾಹ್ನ ಎದುರು ಪಕ್ಷದವರು ದಾಖಲೆಯ ಕಟ್ಟಿಗೆ ಇಪ್ಪತ್ತೆರಡು ಹೊಸ ಹಾಳೆ ಸೇರಿಸಿದ್ದರು. ಸೇರಿಸುವುದಕ್ಕೆ ನಿನ್ನೆಯೇ ಕಡೇ ದಿನ. ಹಾಗಾದಾಗ ನಡುವಿನಿಂದ ಮುಂದಕ್ಕೆ ಎಲ್ಲ ಪುಟಗಳ ಸಂಖ್ಯೆಯೂ ಬದಲಾಗುತ್ತದೆ. ಹೊಸ ಸಂಖ್ಯೆ ಒತ್ತಿ, ಹಳೆಯದು ಇಷ್ಟಿದ್ದದ್ದು ಹೊಸದರಲ್ಲಿ ಇಷ್ಟು ಎಂದು ಒಂದು ಚೀಟಿ ಬರೆದು ಮಾತಾಡುವವರ ಕೈಗೆ ಕೊಡುವುದು ಎಡಕ್ಕೆ ಕೂರುವವನ ಕೆಲಸ. ಬರೆದ. ದುಂಡಗೆ, ಎರಡು ಸಾಲಿನಲ್ಲಿ. ಕೊಡಲು ಅವಳ ಬಾಗಿಲಿಗೆ ಹೋದಾಗ ಅವಳು ದೊಡ್ಡವರೊಡನೆ ಫೋನಿನಲ್ಲಿದ್ದಳು, ಕುರ್ಚಿಯಲ್ಲಿ ಹಿಂದಕ್ಕೆ ಒರಗಿ, ಚಪ್ಪಲಿ ಬಿಟ್ಟ ಕಾಲನ್ನು ಕೆಳಗಿನ ಡ್ರಾಯರಿನ ಮೇಲಿಟ್ಟುಕೊಂಡು. "ಇಲ್ಲ ಸರ್, ಅಣ್ಣ ಇದಾರಲ್ಲ, ಅವರು ಎಲ್ಲ ಜೋಡಿಸಿಟ್ಟಿರ್ತಾರೆ," ಎನ್ನುತ್ತಿದ್ದಳು. ಒಳ್ಳೆಯ ಮಾತೇ. ಆದರೆ ದೊಡ್ಡವರು ಹತ್ತೊಂಬತ್ತು ವರ್ಷದಲ್ಲಿ ಅವನ ಮನೆಗೆ ಫೋನು ಮಾಡಿದ್ದು ಎರಡು ಸಲ, ಎರಡೂ ಸಲ ಬೀಗದ ಕೈ ಎಲ್ಲಿ ಎಂದು ಕೇಳಲು. ಅವನು ಬಾಗಿಲಿನಿಂದ ಹಿಂದೆ ಸರಿದ. ಆಮೇಲೆ ಕೊಟ್ಟರಾಯಿತು. ಚೀಟಿ ಮಡಚಿ ಜೇಬಿಗೆ ಹಾಕಿದ. ಆಮೇಲೆ ಎಂಬುದು ನಿನ್ನೆ ಸಂಜೆ ಬಂತು, ಹೋಯಿತು. ಇವತ್ತು ಬೆಳಿಗ್ಗೆ ಲಿಫ್ಟಿನಲ್ಲಿ ಬಂತು, ಹೋಯಿತು. ಈಗಲೂ ಬೆಂಚಿನ ಮೇಲೆ ಅವನಿಗೂ ಅವಳಿಗೂ ನಡುವೆ ಅದು ಕಾಲಾಡಿಸುತ್ತ ಕೂತಿತ್ತು. ಅವಳಾಗಿ ಕೇಳಲಿ ಎಂದುಕೊಂಡ. ಕೇಳಿದರೆ ತಕ್ಷಣ ಕೊಡುತ್ತೇನೆ. ಮರೆತಿದ್ದೆ ಎಂದು ಹಣೆ ತಟ್ಟಿಕೊಳ್ಳುತ್ತೇನೆ. "ಅಣ್ಣ," ಎಂದು ಅವಳು ತಿರುಗಿದಾಗ ಅವನ ಕೈ ಒಳಜೇಬಿಗೆ ಹೋಯಿತು. "ನನ್ನ ಕಾಲರು ಸರಿ ಇದೆಯಾ ನೋಡಿ." ಸರಿ ಇತ್ತು. ಇದೆ ಎಂದ.

ಮಧ್ಯಸ್ಥರು ನಿವೃತ್ತ ನ್ಯಾಯಾಧೀಶರು. ಒಣಕಲು ಮೈ, ಕುರ್ಚಿಗೆ ಬೆನ್ನು ತಾಗಿಸದೆ ಕೂರುವವರು. ಅವರದ್ದೂ ಒಂದು ಕಟ್ಟಳೆ, ಎಲ್ಲರಿಗೂ ಗೊತ್ತಿದ್ದದ್ದು: ಬರೆದವನ ಮುಖಕ್ಕೆ ತೋರಿಸದ ಕಾಗದ ಅವರಿಗೆ ಕಾಗದವೇ ಅಲ್ಲ, ಮತ್ತು ಒಮ್ಮೆ ಕುರ್ಚಿ ಬಿಟ್ಟೆದ್ದ ಸಾಕ್ಷಿಯನ್ನು ಅವರು ಮತ್ತೆ ಕೂರಿಸುವುದಿಲ್ಲ. ಸಾಕ್ಷಿ ಕಂಪನಿಯ ತಪಾಸಣೆಯವನು. ತಿಂಗಳಿಗೊಮ್ಮೆ ಬೇಕರಿಗೆ ಬಂದು ಹೋಗುತ್ತಿದ್ದವನು. ಅವನೇ ಎರಡು ವರ್ಷದ ಹಿಂದೆ ತನ್ನ ಕೈಯಾರೆ ಬೇಕರಿಯವನಿಗೆ ಒಂದು ಪತ್ರ ಬರೆದಿದ್ದ: ಹಿಟ್ಟು ಬದಲಾಯಿಸಿದ್ದು ತಿಳಿಯಿತು, ಬ್ರೆಡ್ ಮೊದಲಿಗಿಂತ ಚೆನ್ನಾಗಿದೆ, ಹೀಗೇ ನಡೆಯಲಿ. ಕಂಪನಿಗೆ ಗೊತ್ತಿತ್ತು, ಒಪ್ಪಿತ್ತು. ಒಪ್ಪಿದ ಮೇಲೆ ಕರಾರು ಮುರಿದದ್ದೆಲ್ಲಿ? ಇಡೀ ಕೇಸು ಆ ಐದು ಸಾಲಿನ ಪತ್ರದ ಮೇಲೆ ನಿಂತಿತ್ತು. ಹಳೆಯ ಸಂಖ್ಯೆಯಲ್ಲಿ ನೂರ ತೊಂಬತ್ತು. ಹೊಸದರಲ್ಲಿ ಇನ್ನೂರ ಹನ್ನೆರಡು.

ಅವಳು ಎದ್ದಳು. ಮೇಜು ಬರಿದು. ಎಡಕ್ಕೆ ಅವನು, ನಾಲ್ಕು ಕಟ್ಟು. ಹಿಂದಿನ ಕುರ್ಚಿಯಲ್ಲಿ ಬೇಕರಿಯವನ ಉಸಿರು. ಪಾಟೀ ಸವಾಲು ಶುರುವಾಯಿತು. "ನೀವು ತಿಂಗಳಿಗೊಮ್ಮೆ ಆ ಅಂಗಡಿಗೆ ಹೋಗ್ತಿದ್ರಿ." "ಹೋಗ್ತಿದ್ದೆ." "ಬ್ರೆಡ್ ತಿಂತಿದ್ರಿ." "ರುಚಿ ನೋಡ್ತಿದ್ದೆ. ತಿನ್ನೋದು ಬೇರೆ, ರುಚಿ ನೋಡೋದು ಬೇರೆ." "ಸರಿ. ರುಚಿ ನೋಡಿದವರಿಗೆ ಹಿಟ್ಟು ಬೇರೆ ಅಂತ ಗೊತ್ತಾಗಲಿಲ್ವಾ?" "ನಾನು ನೋಡೋದು ತೂಕ, ಶುಚಿ, ಬೋರ್ಡು. ಹಿಟ್ಟಿನ ವಿಷಯ ಇರಬಹುದು, ಇಲ್ಲದೇ ಇರಬಹುದು." "ಅಡ್ಡಗೋಡೆ ಮೇಲೆ ದೀಪ ಇಡಬೇಡಿ. ಗೊತ್ತಾಗಿತ್ತೋ, ಇಲ್ವೋ?" "ಇಲ್ಲ." "ಗೊತ್ತಾಗಿದ್ರೆ ಏನು ಮಾಡ್ತಿದ್ರಿ?" "ಬರೀತಿದ್ದೆ. ಬರೆಯೋದು ನನ್ನ ಕೆಲಸ." "ಬರೀತಿದ್ರಿ," ಎಂದು ಅವಳು ಮೆಲ್ಲಗೆ ಪುನರುಚ್ಚರಿಸಿದಳು. ಕೋಳಿಯನ್ನು ಅಟ್ಟಿಸಿಕೊಂಡು ಹೋಗದೆ, ಕಾಳು ಚೆಲ್ಲುತ್ತ ಚೆಲ್ಲುತ್ತ ಅದೇ ನಡೆದು ಬುಟ್ಟಿಯೊಳಗೆ ಹೋಗುವಂತೆ ಮಾಡುವ ಕೈಚಳಕ ಅದು.  ಇದೇ ಪ್ರಶ್ನೆಗಳನ್ನು, ಬಹುಪಾಲು ಇದೇ ಸರಣಿಯಲ್ಲಿ, ಎಡಕ್ಕೆ ಕೂತ ಅವನು ಒಂದು ನೋಟುಬುಕ್ಕಿನಲ್ಲಿ ಬರೆದಿದ್ದ. ಇಂಥ ಒಂಬತ್ತು ನೋಟುಬುಕ್ಕುಗಳಿದ್ದವು, ಅವನು ಎಂದೂ ಮಾಡದ ಪಾಟೀ ಸವಾಲುಗಳವು. ಆದರೆ ಅವನದರಲ್ಲಿ 'ಬರೀತಿದ್ರಿ' ಎಂಬ ಆ ಮೆಲುದನಿ ಇರಲಿಲ್ಲ. ಅದು ತನಗೆ ಹೊಳೆದಿರಲಿಲ್ಲ ಎಂಬುದನ್ನು ಅವನು ಕ್ಷಮಿಸಲಾರದೆ ಹೋದ. ಯಾರನ್ನು ಎಂಬುದು ಸ್ಪಷ್ಟವಿರಲಿಲ್ಲ.

"ಪುಟ ನೂರ ತೊಂಬತ್ತು ನೋಡೋಣ," ಎಂದು ಅವಳು ಎಡಗೈ ಚಾಚಿದಳು.

ಚಿಕ್ಕ ಕೈ. ಹೆಬ್ಬೆರಳ ಬುಡದಲ್ಲಿ ಹಳೆಯ ಸುಟ್ಟ ಗಾಯದ ಗುರುತು. ಅವನಿಗೆ ಅವಳು ಕೇಳಿದ್ದೇನೆಂದು ಗೊತ್ತಿತ್ತು, ಹೇಳಿದ್ದೇನೆಂದೂ ಗೊತ್ತಿತ್ತು. ಹೇಳಿದ್ದನ್ನು ಕೊಟ್ಟ. ನೂರ ತೊಂಬತ್ತನೆಯ ಪುಟವನ್ನು ಕಟ್ಟಿನಿಂದ ಬಿಡಿಸಿ, ಮೂಲೆ ಮುದುರದಂತೆ, ಯಾವತ್ತಿನ ಶಿಸ್ತಿನಲ್ಲಿ ಅಂಗೈ ಮೇಲಿಟ್ಟ. ಕೋಣೆಯ ತುಂಬ ಪುಟ ಮಗುಚುವ ಸದ್ದು. ಮಧ್ಯಸ್ಥರು ತಮ್ಮ ಪ್ರತಿಯಲ್ಲಿ ತೆರೆದು ಕನ್ನಡಕ ಸರಿಪಡಿಸಿಕೊಂಡರು. ಎದುರು ವಕೀಲರು ತೆರೆದರು. ಅವಳು ಪುಟವನ್ನು ನೋಡದೆಯೇ ಸಾಕ್ಷಿಯ ಮುಂದಿಟ್ಟು, "ಇದು ನಿಮ್ಮ ಕೈಬರಹ ತಾನೆ?" ಎಂದಳು.

ಸಾಕ್ಷಿ ಬಹಳ ಹೊತ್ತು ನೋಡಿದ. "ಅಲ್ಲ. ಇದು ಮೋರಿ ಕ್ಲೀನ್ ಮಾಡಿದ ರಸೀದಿ."

ಮೊದಲು ಎದುರು ವಕೀಲರು ನಕ್ಕರು, ಆಮೇಲೆ ಅವರ ಹಿಂದೆ ಕೂತವರು. ಮಧ್ಯಸ್ಥರು ನಗಲಿಲ್ಲ. "ಮೋರಿಗೂ ಬ್ರೆಡ್ಡಿಗೂ ಏನು ಸಂಬಂಧ, ತಿಳಿಸಬಹುದಾ?" ಅವಳ ಕತ್ತಿನ ಹಿಂಭಾಗ ಕೆಂಪಾಗುತ್ತ ಹೋದದ್ದು ಅವನು ಕೂತಲ್ಲಿಂದ ಕಂಡಿತು. ಅವನೊಳಗೆ ಒಂದು ಸುಖ ಎದ್ದಿತು. ತುಂಬ ಹೊತ್ತು ತಡೆದುಕೊಂಡ ಸೀನು ಬಂದ ಹಾಗೆ, ಅಷ್ಟೇ ಚಿಕ್ಕದು, ಅಷ್ಟೇ ಬೇಗ ಮುಗಿದದ್ದು. ಅವಳು ಬಗ್ಗಿ, "ಅಣ್ಣ, ಆ ಪತ್ರ," ಎಂದು ಪಿಸುಗುಟ್ಟಿದಳು. ಅವಳ ಉಸಿರಿನಲ್ಲಿ ಬೆಳಗಿನ ಕಾಫಿಯ ವಾಸನೆಯಿತ್ತು. ಏನೂ ತಿಂದು ಬಂದಿರಲಿಲ್ಲ. ಅವನು ಹುಡುಕತೊಡಗಿದ. ಮೊದಲ ಕಟ್ಟಿನಿಂದ ಹುಡುಕಿದ, ಒಂದೊಂದೇ ಪುಟ, ಕಳೆದದ್ದನ್ನು ಪ್ರಾಮಾಣಿಕವಾಗಿ ಹುಡುಕುವವನ ಹಾಗೆ. ಮಧ್ಯಸ್ಥರು ಗಡಿಯಾರ ನೋಡಿದರು. "ಸಾಕ್ಷಿಗೆ ನಾಲ್ಕು ಗಂಟೆಗೆ ಬಸ್ಸಿದೆ ಸ್ವಾಮಿ, ಇವರ ಮೋರಿ ಕಟ್ಟಿಕೊಂಡಿದ್ರೆ ನಾವೇನು ಮಾಡೋಣ," ಎಂದರು ಎದುರು ವಕೀಲರು. ಎರಡನೆಯ ಕಟ್ಟು. ಮೂರನೆಯದು. ಅಲ್ಲಿ ಅವನ ಹೆಬ್ಬೆರಳು ಇನ್ನೂರ ಹನ್ನೆರಡರ ಮೇಲೆ ಬಂದು ನಿಂತಿತು. ಹೀಗೇ ನಡೆಯಲಿ ಎಂಬ ಕಡೇ ಸಾಲು ಉಗುರಿನ ಕೆಳಗೇ ಕಾಣುತ್ತಿತ್ತು. ಎತ್ತಿದರೆ ಆಯಿತು. ಹೆಬ್ಬೆರಳು ತನ್ನದಲ್ಲವೇನೋ, ಯಾರೋ ಅಲ್ಲಿ ಇಟ್ಟು ಹೋದದ್ದೇನೋ ಎಂಬಂತೆ ಅವನು ಅದನ್ನು ನೋಡುತ್ತ ಕೂತ. "ಬೇರೆ ಪ್ರಶ್ನೆ ಇಲ್ಲ ಅಂತ ಬರೆದುಕೊಳ್ಳಲೇ?" "ಒಂದು ನಿಮಿಷ, ದಯವಿಟ್ಟು..." "ಮೂರು ನಿಮಿಷ ಆಯಿತಮ್ಮಾ. ಸಾಕ್ಷಿ ಏಳಬಹುದು. ಎರಡು ಗಂಟೆಗೆ ಮತ್ತೆ ಸೇರೋಣ." ಕುರ್ಚಿ ನೆಲಕ್ಕೆ ಉಜ್ಜಿದ ಸದ್ದಾಯಿತು. ತಪಾಸಣೆಯವನು ಅಂಗಿಯ ಕೈ ಎಳೆದುಕೊಳ್ಳುತ್ತ ಹೊರಗೆ ಹೋದ. ಆಗ ಅವನು ಪುಟ ಎತ್ತಿ, "ಸಿಕ್ತು," ಎಂದ.

ಬೇಕರಿಯವನು ಕಾರಿಡಾರಿನಲ್ಲಿ ಗೋಡೆಗೆ ಒರಗಿ ನಿಂತಿದ್ದ. ಬೈಯುತ್ತಾನೆ ಎಂದುಕೊಂಡು ಇವನು ಹತ್ತಿರ ಹೋದ, ಬೈದರೆ ಹಗುರವಾಗುತ್ತಿತ್ತು. "ನೀವು ಬೇಜಾರು ಮಾಡ್ಕೋಬೇಡಿ ವಕೀಲರೇ," ಎಂದ ಅವನು. "ವಯಸ್ಸಾಗ್ತಾ ಬಂದ ಹಾಗೆ ಆಗುತ್ತೆ. ನಾನೂ ಒಂದಿನ ಉಪ್ಪು ಹಾಕೋದು ಮರೆತು ಒಂದೊಲೆ ಬ್ರೆಡ್ಡು ಮಾಡಿದ್ದೆ. ನೋಡೋಕೆ ಏನೂ ಗೊತ್ತಾಗ್ಲಿಲ್ಲ. ಕೊಂಡುಕೊಂಡು ಹೋದೋರೇ ವಾಪಸ್ಸು ತಂದು ಎಸೆದ್ರು." ತನ್ನ ಕೈಗಳನ್ನು ನೋಡಿಕೊಂಡು, "ಮೂರು ವರ್ಷ ಕೈ ಸುಮ್ನೆ ಇಟ್ಕೊಂಡ್ರೆ ಹಿಟ್ಟು ಹದ ಗೊತ್ತಾಗುತ್ತಾ ಆಮೇಲೆ? ಹೇಳಿ," ಎಂದ. ಕೇಳಿದ್ದು ನಿಜವಾಗಿ ತಿಳಿದುಕೊಳ್ಳುವುದಕ್ಕೆ. ವಕೀಲರಿಗೆ ಇಂಥದ್ದೂ ಗೊತ್ತಿರುತ್ತದೆಂದು ಅವನ ನಂಬಿಕೆ. 

ಅವಳು ಪಕ್ಕದ ಸಣ್ಣ ಕೋಣೆಯಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತಿದ್ದಳು. ಅತ್ತಿದ್ದಳೋ, ಮುಖ ತೊಳೆದಿದ್ದಳೋ, ಹಣೆಯ ಮೇಲಿನ ಕೂದಲು ಒದ್ದೆಯಾಗಿತ್ತು. "ಅಣ್ಣ, ಸಾಕ್ಷೀನ ವಾಪಸ್ಸು ಕರೆಸಿ ಅಂತ ಅರ್ಜಿ ಕೊಡ್ತೀನಿ. ಅಫಿಡವಿಟ್ ಬರೆದೆ. ಒಂದು ಸಲ ಓದಿ ನೋಡಿ, ತಪ್ಪಿದ್ರೆ ಹೇಳಿ." ಅವನು ನಿಂತೇ ಓದಿದ. ಪುಟಗಳ ಸಂಖ್ಯೆ ಬದಲಾಗಿರಬಹುದೆಂದು ವಿಚಾರಿಸಿಕೊಳ್ಳಬೇಕಾದ್ದು ತನ್ನ ಕರ್ತವ್ಯವಾಗಿತ್ತು. ವಿಚಾರಿಸದೆ ಹೋದದ್ದು ಸಂಪೂರ್ಣವಾಗಿ ತನ್ನ ಮರೆವು. ತನ್ನ ಮರೆವಿಗಾಗಿ ಒಬ್ಬ ಮನುಷ್ಯ ಮೂರು ವರ್ಷ ತನ್ನ ಕಸುಬಿನಿಂದ ದೂರವಾಗಬಾರದು. ಒಂದು ಪದ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಓದಿದವರಿಗೆ ಅವಳ ಮೇಲೆ ಗೌರವ ಹೆಚ್ಚಾಗುವಂತಿತ್ತು. ಇದನ್ನೂ ಚೆನ್ನಾಗಿ ಬರೆದುಬಿಟ್ಟಳಲ್ಲ ಎಂದು ಅವನಿಗೆ ಹೊಟ್ಟೆ ಉರಿಯಿತು. "ಪುಟ ಬದಲಾಗಿದ್ದು ನಿಂಗೆ ಹೇಗೆ ಗೊತ್ತಾಗಬೇಕಿತ್ತು?" ಎಂದ. "ಕೇಳಬೇಕಿತ್ತು ಅಣ್ಣ. ದೊಡ್ಡವರು ಆಗಿದ್ರೆ ಬೆಳಿಗ್ಗೆ ಮೊದಲು ಅದನ್ನೇ ಕೇಳ್ತಿದ್ರು. ನಾನು ಕಾಲರು ನೋಡಿಕೊಳ್ತಾ ಕೂತೆ." ಆಮೇಲೆ ಅವನ ಮುಖ ನೋಡಿ, ಅವನು ಹೆದರಿದ್ದಾನೆಂದು ತಿಳಿದು, ಸಮಾಧಾನ ಮಾಡುವ ದನಿಯಲ್ಲಿ ಹೇಳಿದಳು: "ನೀವು ಯೋಚನೆ ಮಾಡಬೇಡಿ. ಇದರಲ್ಲಿ ನಿಮ್ಮ ಹೆಸರು ಎಲ್ಲೂ ಬರಲ್ಲ."

ಎಲ್ಲೂ ಬರಲ್ಲ. ಅವನು ಹೊರಗೆ ಬಂದು ಮೆಟ್ಟಿಲಿನ ಕಿಟಕಿಯ ಬಳಿ ನಿಂತ. ಕೆಳಗೆ ರಸ್ತೆಯಲ್ಲಿ ಒಬ್ಬ ಹೆಂಗಸು ಸೈಕಲ್ಲಿನ ಚೈನು ಹಾಕಿಕೊಳ್ಳುತ್ತಿದ್ದಳು. ಎದುರು ಬದಿಯ ಹೋಟೆಲಿನ ಗಾಜಿನಾಚೆ ತಪಾಸಣೆಯವನು ಕೊರಳಿಗೆ ಕರವಸ್ತ್ರ ಸಿಕ್ಕಿಸಿಕೊಂಡು ಊಟಕ್ಕೆ ಕೂತಿದ್ದ. ಗೆದ್ದ ಕೇಸುಗಳ ತೀರ್ಪಿನಲ್ಲಿ ಅವನ ಹೆಸರಿಲ್ಲ, ಟೀಚರಮ್ಮ ಕಳಿಸಿದ ಕೃತಜ್ಞತೆಯ ಪತ್ರದಲ್ಲಿ ಇಲ್ಲ, ಕಚೇರಿಯ ಬಾಗಿಲ ಫಲಕದಲ್ಲಿ ಇಲ್ಲ. ಹತ್ತೊಂಬತ್ತು ವರ್ಷದಲ್ಲಿ ಪೂರ್ತಿಯಾಗಿ, ಯಾರ ಸಹಾಯವೂ ಇಲ್ಲದೆ, ಅವನೊಬ್ಬನೇ ಮಾಡಿದ ಕೆಲಸವೆಂದರೆ ಈ ಬೆಳಿಗ್ಗೆ ಮಾಡಿದ್ದು. ಅದನ್ನೂ ಅವಳು ತನ್ನ ಹೆಸರಿಗೆ ಬರೆದುಕೊಂಡಿದ್ದಳು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅನ್ನುತ್ತಾರೆ. ಒಡೆದ ದೊಣ್ಣೆಗಾದರೂ ತಾನೇ ಒಡೆದದ್ದು ಎಂಬ ಹೆಸರುಂಟು. ಅವನಿಗೆ ಬೇಕರಿಯವನ ಕೈಗಳು ನೆನಪಾದವು. ನಾಚಿಕೆಯೂ ಆಯಿತು, ಖಂಡಿತ ಆಯಿತು. ಆದರೆ ಆ ನಾಚಿಕೆಯ ಪಕ್ಕದಲ್ಲೇ, ಅದಕ್ಕಿಂತ ಒಂದು ಗೇಣು ಎತ್ತರವಾಗಿ ಇನ್ನೊಂದು ಕೂತಿತ್ತು: ಅದು ನನ್ನದು, ಕೊಡುವುದಿಲ್ಲ.

ಎರಡು ಗಂಟೆಗೆ ಅವಳು ಅಫಿಡವಿಟ್ ಓದಿದಳು. ಎದುರು ವಕೀಲರು ಎದ್ದು, ಮರೆವು ಮನುಷ್ಯ ಸಹಜ, ಆದರೆ ಅದರ ಬೆಲೆ ತಮ್ಮ ಕಕ್ಷಿದಾರರು ತೆರಬೇಕಿಲ್ಲ ಎಂದರು. ಮಧ್ಯಸ್ಥರು ಹಾಳೆಯನ್ನು ಎರಡು ಬಾರಿ ಓದಿ ಕೆಳಗಿಟ್ಟರು. "ನೀವು ಸತ್ಯವಂತರು, ಸಂತೋಷ. ಆದರೆ ಮರೆವಿಗೆ ನನ್ನ ಹತ್ತಿರ ಮದ್ದಿಲ್ಲಮ್ಮಾ. ಮರೆತೆ ಅಂದವರಿಗೆಲ್ಲ ಸಾಕ್ಷೀನ ವಾಪಸ್ಸು ಕೊಡ್ತಾ ಹೋದ್ರೆ ಯಾವ ಕೇಸೂ ಮುಗಿಯಲ್ಲ. ಅರ್ಜಿ..." ಹಿಂದಿನಿಂದ ಬೇಕರಿಯವನ ಕುರ್ಚಿ ಕಿರುಗುಟ್ಟಿತು. ಮಧ್ಯಸ್ಥರ ಪೆನ್ನು ಕಾಗದ ಮುಟ್ಟುವ ಮೊದಲು ಎಡಕ್ಕೆ ಕೂತಿದ್ದ ಅವನು ಎದ್ದು ನಿಂತಿದ್ದ. ಮಂಡಿ ಮೇಜಿಗೆ ಬಡಿದು ನೀರಿನ ಹೂಜಿ ಅಲುಗಿತು.

"ತಾವು?" ಎಂದರು ಮಧ್ಯಸ್ಥರು. ಇದೇ ಮಧ್ಯಸ್ಥರ ಎದುರು ಅವನು ಏಳು ಕೇಸುಗಳಲ್ಲಿ ಕೂತಿದ್ದ.

"ಎಡಕ್ಕೆ ಕೂರೋನು."

"ಒಂದು ಕಡೆಯಿಂದ ಒಬ್ಬರೇ ಮಾತಾಡಬೇಕು."

"ಅರ್ಜೀಲಿ ಬರೆದಿರೋದು ಸುಳ್ಳು ಸ್ವಾಮಿ. ಅವಳು ನಿಜ ಗೊತ್ತಿಲ್ಲದೆ ಬರೆದಿದ್ದಾಳೆ. ಪುಟದ ಸಂಖ್ಯೆ ಬದಲಾದ ಚೀಟಿ ನಾನು ಕೊಡಬೇಕಿತ್ತು. ಕೊಡಲಿಲ್ಲ."

"ಅಣ್ಣ, ಕೂತ್ಕೊಳ್ಳಿ," ಎಂದು ಅವಳು ಅವನ ಕೋಟಿನ ಅಂಚು ಜಗ್ಗಿದಳು. ಮಧ್ಯಸ್ಥರು ಕೈ ಎತ್ತಿ ಅವಳನ್ನು ತಡೆದರು.

"ಮರೆತಿರಾ?"

ಹೂಂ ಎಂದರೆ ಇನ್ನೊಂದು ಮರೆವು, ಮದ್ದಿಲ್ಲದ್ದು. ಹೂಂ ಎಂದರೆ ಕೂರಬಹುದು, ಬೇಕರಿಯವನು ಉಪ್ಪಿನ ಕತೆಯನ್ನು ಮತ್ತೊಮ್ಮೆ ಹೇಳುತ್ತಾನೆ, ಸಂಜೆ ಮನೆಯಲ್ಲಿ ಊಟವಿರುತ್ತದೆ, ನಾಳೆ ಕಚೇರಿಯ ಬೀಗದ ಕೈ ತನ್ನ ಬಳಿಯೇ ಇರುತ್ತದೆ.

"ಇಲ್ಲ," ಎಂದ. "ಜೇಬಲ್ಲೇ ಇತ್ತು. ಇವಳು ಕೇಳಿದ ಪತ್ರ ಯಾವುದು ಅಂತಾನೂ ಗೊತ್ತಿತ್ತು. ಸಾಕ್ಷಿ ಏಳೋ ಮೊದಲೇ ಸಿಕ್ಕಿತ್ತು, ಇನ್ನೂರ ಹನ್ನೆರಡು. ಹೆಬ್ಬೆರಳು ಅದರ ಮೇಲೇ ಇತ್ತು. ಬೇಕಂತಲೇ ತೆಗೀಲಿಲ್ಲ."

ಎದುರು ವಕೀಲರು ಏಳಲು ಹೋಗಿ, ಅರ್ಧಕ್ಕೇ ಕೂತರು. ಕೋಟಿನ ಅಂಚಿನಿಂದ ಅವಳ ಕೈ ಬಿಟ್ಟುಹೋಯಿತು. ಅವನು ತಿರುಗಿ ನೋಡಲಿಲ್ಲ. ಮಧ್ಯಸ್ಥರ ಮುಖದಿಂದ ಕಣ್ಣು ಕೀಳುವಂತಿರಲಿಲ್ಲ. ಆ ಮುಖದ ದವಡೆ ಒಮ್ಮೆ ಬಿಗಿದು ಸಡಿಲವಾಯಿತು. ಅವರು ಬಾಗಿಲ ಬಳಿಯ ಗುಮಾಸ್ತರಿಗೆ, "ಇದು ಮರೆವಲ್ಲ, ಬೇರೆ ವಿಷಯ. ಕೆಳಗೆ ಹೋಗಿ ಆ ಸಾಕ್ಷೀನ ಹಿಡಿದು ಕೂರಿಸಿ. ಬಸ್ಸಿಗೆ ಹೋಗಕೂಡದು," ಎಂದರು. ಹಿಂದಿನಿಂದ ಒಂದು ದೀರ್ಘ ಉಸಿರು ಕೇಳಿಸಿತು. ಆ ಉಸಿರು ಕೃತಜ್ಞತೆಯದಾಗಿರಲಿಲ್ಲ. ಬೇಕರಿಯವನು ಇನ್ನು ಮುಂದೆ ತನ್ನನ್ನು ಏನೆಂದೂ ಕರೆಯುವುದಿಲ್ಲ ಎಂದು ಅವನಿಗೆ ತಿಳಿಯಿತು. ಮಧ್ಯಸ್ಥರು ಪೆನ್ನಿನ ಮುಚ್ಚಳ ಹಾಕಿ, ಅದನ್ನು ಪಕ್ಕಕ್ಕಿಟ್ಟು, ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಕೊಟ್ಟರು.

"ಯಾಕೆ?"

 ಕೋಣೆಯ ಮುಖಗಳೆಲ್ಲ ಅವನ ಕಡೆಗಿದ್ದವು. ಇದಕ್ಕೆ ಉತ್ತರ ಅವನ ಯಾವ ನೋಟುಬುಕ್ಕಿನಲ್ಲೂ ಇರಲಿಲ್ಲ. ಆದರೂ ಮಾತು ಬರುತ್ತಿರುವುದು, ಬಾವಿಯಿಂದ ಕೊಡ ಮೇಲೆ ಬರುವ ಹಾಗೆ ತೂಕವಾಗಿ ಬರುತ್ತಿರುವುದು ಗೊತ್ತಾಯಿತು. "ಹೇಳ್ತೀನಿ," ಎಂದ. "ಮೊದಲಿಂದ ಹೇಳಬೇಕಾಗುತ್ತೆ." ಪಕ್ಕದಲ್ಲಿ ಏನೋ ಸರಿದಾಡಿತು. ಅವಳು ಅವನ ಕುರ್ಚಿಗೆ ಜರುಗಿ, ಒಂದು ಖಾಲಿ ಹಾಳೆ ಎಳೆದುಕೊಂಡು ತಾರೀಖು ಹಾಕುತ್ತಿದ್ದಳು. ಈ ಹೇಳಿಕೆ ದಾಖಲಾಗಬೇಕಲ್ಲ. ಅವನು ಹೇಳತೊಡಗಿದ. ನಾಲ್ಕು ಮಾತಾಡುವಷ್ಟರಲ್ಲಿ ಅವಳ ಪೆನ್ನು ಹಿಂದೆ ಬೀಳುತ್ತಿರುವುದು ಕಣ್ಣಂಚಿಗೆ ಕಂಡಿತು. ಅವಳಿಗೆ ಒಂದು ಅಕ್ಷರವೂ ತಪ್ಪಿಹೋಗಬಾರದೆಂದು ಅವನು ಮಾತನ್ನು ನಿಧಾನ ಮಾಡಿದ.